ಸಹಾಯ ಬೇಕು: ಡಿಸ್ಕನ್ನು ವರ್ಟ್‌ಐಒಗೆ ಬದಲಾಯಿಸಿದರೆ ವಿಂಡೋಸ್ ಏಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ ಒಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ತೂಕದ ಚೀಟಿ, ಬಿಲ್ಲು ಎಲ್ಲವೂ ವಿಂಡೋಸ್ 10ರಲ್ಲಿವೆ. ಅದು ಲಿನಕ್ಸ್ ಸರ್ವರ್ ಮೇಲೆ, ಕೆವಿಎಂ (ಒಂದು ಯಂತ್ರದೊಳಗೆ ವರ್ಚುವಲ್ ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಹೈಪರ್‌ವೈಸರ್) ಅಡಿಯಲ್ಲಿ ನಡೆಯುತ್ತದೆ. ಡಿಸ್ಕ್ ಇನ್ನೂ ಐಡಿಇ (ಹಳೆಯ ಕಾಲದ ಡಿಸ್ಕ್ ಜೋಡಣೆ) ಅನುಕರಣೆಯಲ್ಲೇ ಇರುವುದರಿಂದ ತೀರಾ ನಿಧಾನ. ಒಂದು ಚೀಟಿ ಹೊರಬರುವಷ್ಟರಲ್ಲಿ ಗೇಟಿನಲ್ಲಿ ನಾಲ್ಕು ಟ್ರ್ಯಾಕ್ಟರ್ ಸೇರಿರುತ್ತವೆ. ರೈತರು ಬಿಸಿಲಲ್ಲಿ ನಿಂತಿರುವುದನ್ನು ನೋಡಲಾಗುವುದಿಲ್ಲ.

ಹಳೆಯ ಯಂತ್ರಾಂಶದ ಅನುಕರಣೆ ಬಿಟ್ಟು ಹೈಪರ್‌ವೈಸರ್ ಜೊತೆ ನೇರವಾಗಿ ವ್ಯವಹರಿಸುವ ಪ್ಯಾರಾವರ್ಚುವಲ್ ಡ್ರೈವರ್, ಅಂದರೆ ವರ್ಟ್‌ಐಒ, ಹಾಕಿದರೆ ವೇಗ ಹೆಚ್ಚುತ್ತದೆ ಎಂದು ತಿಳಿದೆ. ಲಿನಕ್ಸ್ ಕರ್ನಲ್‌ನಲ್ಲಿ ಅವು ಮೊದಲೇ ಇವೆ, ವಿಂಡೋಸ್‌ಗೆ ನಾವೇ ಹಾಕಬೇಕು. ವರ್ಟ್‌ಐಒ ಐಎಸ್‌ಒ ಕಡತದಿಂದ (ಸಿಡಿಯ ಪ್ರತಿರೂಪ) ಎಲ್ಲವನ್ನೂ ಅಳವಡಿಸಿದೆ. ನೆಟ್‌ವರ್ಕ್ ಕಾರ್ಡ್ ತಕ್ಷಣ ಕೆಲಸ ಮಾಡಿತು. ಆದರೆ ಡಿಸ್ಕ್ ಬದಲಾಯಿಸಿದ ಕೂಡಲೇ ನೀಲಿ ಪರದೆ: ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’, ಅಂದರೆ ಬೂಟ್ ಆಗಬೇಕಾದ ಡಿಸ್ಕ್ ಸಿಗುತ್ತಿಲ್ಲ. ಐಡಿಇಗೆ ಮರಳಿಸಿದರೆ ಮತ್ತೆ ಸರಿಯಾಗಿ ಏಳುತ್ತದೆ. ಮೂರು ರಾತ್ರಿ ಇದರಲ್ಲೇ ಕಳೆದಿದ್ದೇನೆ.

ಡ್ರೈವರ್ ಒಳಗೆ ಇದ್ದೂ ಬೂಟ್ ಆಗುವಾಗ ಅದು ಏಕೆ ಸಿಗುತ್ತಿಲ್ಲ ಎಂಬುದೇ ನನ್ನ ಗೊಂದಲ. ಮೊದಲು 1 ಜಿಬಿಯ ಖಾಲಿ ವರ್ಟ್‌ಐಒ ಡಿಸ್ಕ್ ಜೋಡಿಸಿ, ವಿಂಡೋಸ್ ಅದನ್ನು ಗುರುತಿಸಿದ ಮೇಲೆ ಮುಖ್ಯ ಡಿಸ್ಕ್ ಬದಲಾಯಿಸಿದರೆ ಸಾಕೇ, ಅಥವಾ ಸೇಫ್ ಮೋಡ್‌ನಲ್ಲೂ ಒಮ್ಮೆ ಬೂಟ್ ಮಾಡಬೇಕೇ? ಇದನ್ನು ಸ್ವತಃ ಮಾಡಿದವರು ದಯವಿಟ್ಟು ತಿಳಿಸಿ.