ಮಗಳನ್ನು ಕಲಬುರಗಿಯ ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿಸಬಹುದೇ? ಅನುಭವ ಇದ್ದವರು ತಿಳಿಸಿ

ಕೇಳಿದವರು: ಒಬ್ಬ ತಂದೆ, ಶಹಾಪುರ

ಮಗಳು ಈ ಸಲ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಸಿಇಟಿ ರ‍್ಯಾಂಕ್ ಹೇಳಿಕೊಳ್ಳುವಂಥದ್ದಲ್ಲ. ಕಂಪ್ಯೂಟರ್ ಸೈನ್ಸ್ ಓದಬೇಕೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿಗೆ ಕಳಿಸುವ ಧೈರ್ಯವೂ ಇಲ್ಲ, ದುಡ್ಡೂ ಇಲ್ಲ. ಕಲಬುರಗಿಯ ಖಾಸಗಿ ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಿಕೆ ತಂದು ಓದಿದೆ. ಧ್ಯೇಯ, ದೂರದೃಷ್ಟಿ, ಜಾಗತಿಕ ಗುಣಮಟ್ಟ ಎಲ್ಲವೂ ಇವೆ. ನಮಗೆ ಬೇಕಾದದ್ದು ಮಾತ್ರ ಸಿಗಲಿಲ್ಲ. ನಮ್ಮ ಓಣಿಯವರೊಬ್ಬರು ಖಾಸಗಿ ಪದವಿಗೆ ಬೆಲೆಯೇ ಇಲ್ಲ ಎನ್ನುತ್ತಾರೆ. ನಿಜವೇ?

ಎಂಜಿನಿಯರಿಂಗ್ ಅಧ್ಯಾಪಕ, ಕಲಬುರಗಿ

ಅಣ್ಣಾವರೇ, ಬೆಲೆ ಇಲ್ಲ ಎಂಬ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ವಿಧಾನಮಂಡಲದ ಕಾಯ್ದೆಯಿಂದ ಹುಟ್ಟಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿ ಹೆಸರಿರುವ ವಿಶ್ವವಿದ್ಯಾಲಯ ಕೊಡುವ ಪದವಿ ಕಾನೂನಿನ ಪ್ರಕಾರ ಪದವಿಯೇ. ಬಿಇ ಎಂದಿರಲಿ, ಬಿಟೆಕ್ ಎಂದಿರಲಿ, ಕೆಲಸ ಕೊಡುವವರು ಭೇದ ಮಾಡುವುದಿಲ್ಲ.

ನಮ್ಮ ಊರಿನ ಖಾಸಗಿ ವಿಶ್ವವಿದ್ಯಾಲಯಗಳು ಬಯಲಿನಲ್ಲಿ ದಿಢೀರನೆ ಎದ್ದವುಗಳೂ ಅಲ್ಲ. ಶರಣಬಸವ ವಿಶ್ವವಿದ್ಯಾಲಯ ಶುರುವಾದದ್ದು 2017ರಲ್ಲಿ. ಆದರೆ ಅದರ ಹಿಂದಿರುವ ವಿದ್ಯಾವರ್ಧಕ ಸಂಘ 1934ರದ್ದು. ನಿಜಾಮರ ಆಳ್ವಿಕೆಯ ಕಾಲದಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದದ್ದೇ ಅದರ ಮೂಲ. ಖಾಜಾ ಬಂದಾ ನವಾಜ್ ವಿಶ್ವವಿದ್ಯಾಲಯದ ಕಾಯ್ದೆ 2018ರದ್ದು. ಅದರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು ಅದಕ್ಕಿಂತ ಹಳೆಯವು. ಬಹುಪಾಲು ಕಟ್ಟಡ ಹಳೆಯದು, ಬೋರ್ಡು ಹೊಸದು. ಹಾಗೆಂದು ಏನೂ ಬದಲಾಗಿಲ್ಲ ಎಂದುಕೊಳ್ಳಬೇಡಿ. ಬದಲಾದದ್ದು ಪರೀಕ್ಷೆ.

ನಾನು ಎರಡೂ ಬಗೆಯ ವ್ಯವಸ್ಥೆಯಲ್ಲಿ ಪಾಠ ಮಾಡಿದ್ದೇನೆ. ಸಂಸ್ಥೆಗಳ ಹೆಸರು ಬೇಡ. ವಿಟಿಯು, ಅಂದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯ ಸಾಧಾರಣ ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ, ಉತ್ತರಪತ್ರಿಕೆ ನೋಡುವವರು ಬೇರೆ. ಮಂಗಳೂರಿನ ಹುಡುಗನಿಗೂ ಬೀದರಿನ ಹುಡುಗಿಗೂ ಒಂದೇ ಪತ್ರಿಕೆ. ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮ, ಪರೀಕ್ಷೆ, ಮೌಲ್ಯಮಾಪನ, ಪದವಿ ಎಲ್ಲವೂ ಒಂದೇ ಸೂರಿನಡಿ. ಇದರಿಂದ ಲಾಭವಿದೆ: ಹಳಸಿದ ವಿಷಯವನ್ನು ಮರುವರ್ಷವೇ ಕೈಬಿಡಬಹುದು, ಫಲಿತಾಂಶ ಬೇಗ ಬರುತ್ತದೆ, ಕೃತಕ ಬುದ್ಧಿಮತ್ತೆಯಂಥ ಹೊಸ ಕೋರ್ಸನ್ನು ಬೇಗ ಸೇರಿಸಬಹುದು. ತೊಡಕೂ ಅಲ್ಲಿಯೇ ಇದೆ. ಪತ್ರಿಕೆ ಎಷ್ಟು ಬಿಗಿಯಾಗಿರಬೇಕು ಎನ್ನುವುದು ಆ ಸಂಸ್ಥೆಯ ಆತ್ಮಸಾಕ್ಷಿಗೆ ಬಿಟ್ಟದ್ದು. ಎಲ್ಲರೂ ಪಾಸಾಗಿದ್ದಾರೆ ಎಂದು ಪುಸ್ತಿಕೆ ಹೇಳಿದರೆ ಹಿಗ್ಗಬೇಡಿ.

ಬೆಳವಣಿಗೆ ಎಂದರೆ ಕೋರ್ಸುಗಳ ಸಂಖ್ಯೆ ಎಂದು ಅನೇಕ ಆಡಳಿತಗಳು ತಿಳಿದಿವೆ. ಕಂಪ್ಯೂಟರ್ ಸೈನ್ಸ್, ದತ್ತಾಂಶ ವಿಜ್ಞಾನ, ಕೃತಕ ಬುದ್ಧಿಮತ್ತೆ ಎಂದು ಮೂರು ಫಲಕ ಹಾಕಿ, ಮೂರಕ್ಕೂ ಅದೇ ನಾಲ್ಕು ಮಂದಿ ಅಧ್ಯಾಪಕರನ್ನು ಓಡಾಡಿಸುವುದನ್ನು ಕಂಡಿದ್ದೇನೆ. ಆದ್ದರಿಂದ ವಿಶ್ವವಿದ್ಯಾಲಯದ ಹೆಸರು ಹಿಡಿದು ಕೂರಬೇಡಿ, ವಿಭಾಗಕ್ಕೇ ಹೋಗಿ. ಕಳೆದ ವರ್ಷ ಇದ್ದ ಅಧ್ಯಾಪಕರಲ್ಲಿ ಎಷ್ಟು ಜನ ಈಗಲೂ ಇದ್ದಾರೆ ಎಂದು ಜವಾನನನ್ನು ಕೇಳಿದರೂ ಉತ್ತರ ಸಿಗುತ್ತದೆ. ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಶ್ರೇಣಿ ಇಡೀ ಸಂಸ್ಥೆಗೆ ಸಿಗುವಂಥದ್ದು. ನಿಮ್ಮ ಮಗಳು ಸೇರುವ ಕೋರ್ಸಿಗೆ, ಒಂದೊಂದೇ ಕೋರ್ಸನ್ನು ಪರಿಶೀಲಿಸುವ ಎನ್‌ಬಿಎ ಮಂಡಳಿಯ ಮಾನ್ಯತೆ ಇದೆಯೇ ಎಂಬುದು ಬೇರೆಯೇ ಪ್ರಶ್ನೆ.

ಹಳೆಯ ವಿದ್ಯಾರ್ಥಿನಿ, ಆಳಂದ

ಶರಣಬಸವದಲ್ಲಿ ಎಂಜಿನಿಯರಿಂಗಿಗೆ ಸಹಶಿಕ್ಷಣದ ವಿಭಾಗದ ಜೊತೆಗೆ ಹೆಣ್ಣುಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ, ಕಾಕಾ. ನಾನು ಓದಿದ್ದು ಹೆಣ್ಣುಮಕ್ಕಳ ಜೊತೆಯಲ್ಲೇ. ಇಲ್ಲವಾದರೆ ನಮ್ಮ ಮನೆಯಲ್ಲಿ ಕಳಿಸುತ್ತಲೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಯಂತ್ರ ಬಿಚ್ಚಿದ್ದೂ ನಾವೇ, ಜೋಡಿಸಿದ್ದೂ ನಾವೇ. ಪಕ್ಕದಲ್ಲಿ ನಿಂತು ಬರೆದುಕೊಳ್ಳುವ ಪಾಲು ಯಾರಿಗೂ ಬರಲಿಲ್ಲ.

ಕೊರತೆ ಊರಿನದು. ಹೇಳಿಕೊಳ್ಳುವಂಥ ಸಾಫ್ಟ್‌ವೇರ್ ಕಂಪನಿ ಕಲಬುರಗಿಯಲ್ಲಿಲ್ಲ. ಇಂಟರ್ನ್‌ಶಿಪ್ಪಿಗೂ ಸಂದರ್ಶನಕ್ಕೂ ಹೈದರಾಬಾದ್ ಅಥವಾ ಬೆಂಗಳೂರಿನ ರೈಲು ಹತ್ತಲೇಬೇಕು. ನಾಲ್ಕು ವರ್ಷ ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದುಕೊಂಡಿದ್ದರೆ, ಕೊನೆಯ ವರ್ಷವಾದರೂ ಹೊರಗೆ ಕಳಿಸಲು ಈಗಲೇ ಮನಸ್ಸು ಗಟ್ಟಿಮಾಡಿಕೊಳ್ಳಿ.

ತೊಗರಿ ಬೆಳೆಗಾರ, ಚಿಂಚೋಳಿ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಒಂದೇ ತರಗತಿ, ಒಂದೇ ಬೆಂಚು. ಸಿಇಟಿ ಸೀಟಿನವನ ಶುಲ್ಕವೇ ಬೇರೆ, ಮ್ಯಾನೇಜ್‌ಮೆಂಟ್ ಸೀಟಿನವನ ಶುಲ್ಕವೇ ಬೇರೆ. ರ‍್ಯಾಂಕ್ ಕಡಿಮೆ ಎಂದು ಕೌನ್ಸೆಲಿಂಗ್ ಬಿಡಬೇಡಿ. ಕೊನೆಯ ಸುತ್ತಿನವರೆಗೂ ಕಾಯಿರಿ. ಮ್ಯಾನೇಜ್‌ಮೆಂಟ್ ಸೀಟು ಹಿಡಿದರೆ ವಿದ್ಯಾರ್ಥಿವೇತನದ ದಾರಿಯೂ ಕಿರಿದಾಗುತ್ತದೆ.

ನಮಗೆ ತೊಗರಿ ಕೈಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಶುಲ್ಕ ಕೇಳುವುದು ಮಳೆಗಾಲದಲ್ಲಿ, ಬೀಜ ಗೊಬ್ಬರಕ್ಕೆ ಕೈ ಬರಿದಾದ ಹೊತ್ತಿನಲ್ಲಿ. ನಾನು ಕುಲಸಚಿವರ ಕಚೇರಿಗೆ ಹೋಗಿ ಕಂತಿಗೆ ಅರ್ಜಿ ಕೊಟ್ಟೆ, ಒಪ್ಪಿದರು. ಬಾಯಿಮಾತು ನಂಬದೆ ಬರೆಸಿಕೊಳ್ಳಿ. ಮೊದಲ ವರ್ಷದ ಶುಲ್ಕವನ್ನಷ್ಟೇ ಕೇಳಿ ಬರಬೇಡಿ, ನಾಲ್ಕೂ ವರ್ಷದ್ದು, ಪರೀಕ್ಷಾ ಶುಲ್ಕ, ಹಾಸ್ಟೆಲ್, ಬಸ್ ಎಲ್ಲ ಸೇರಿಸಿ ಕೇಳಿ.

ಒಬ್ಬ ತಾಯಿ, ಬೀದರ್

ಮೂಲ ಅಂಕಪಟ್ಟಿ ಕೊಟ್ಟು ಬರಬೇಡಿ ಅಣ್ಣಾವರೇ. ನನ್ನ ಮಗನಿಗೆ ಬೇರೆ ಕಡೆ ಸೀಟು ಸಿಕ್ಕಾಗ ಮೊದಲು ಸೇರಿದ ಸಂಸ್ಥೆ ದಾಖಲೆ ಹಿಡಿದಿಟ್ಟುಕೊಂಡು ಅಲೆಸಿತು. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ ಮೂಲ ದಾಖಲೆಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಸೀಟು ಬಿಟ್ಟರೆ ಶುಲ್ಕ ಎಷ್ಟು ಮರಳುತ್ತದೆ ಎಂಬುದಕ್ಕೂ ಅದರಲ್ಲಿ ಲೆಕ್ಕವಿದೆ. ಅದರ ಪ್ರತಿಯನ್ನು ಮುಂದಿಟ್ಟ ಮೇಲೆಯೇ ನಮ್ಮ ಕೆಲಸವಾಯಿತು.

ಕೇಳಿದವರು, ಶಹಾಪುರ

ಎಲ್ಲರಿಗೂ ಶರಣು. ಸೋಮವಾರವೇ ಹೋಗಿ ವಿಭಾಗ ನೋಡಿ ಬರುತ್ತೇವೆ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜನ್ನೂ ಸಿಇಟಿ ಆಯ್ಕೆಯಲ್ಲಿ ಹಾಕಲೇ?

ಎಂಜಿನಿಯರಿಂಗ್ ಅಧ್ಯಾಪಕ, ಕಲಬುರಗಿ

ಹಾಕಿ, ಮೇಲೆಯೇ ಹಾಕಿ. ಅದು 1958ರ ಕಾಲೇಜು, ವಿಟಿಯು ಅಡಿಯಲ್ಲಿದ್ದರೂ ಸ್ವಾಯತ್ತ. ಅಂದರೆ ಪರೀಕ್ಷೆ ಅಲ್ಲಿಯೂ ಅವರದೇ, ಪದವಿ ಮಾತ್ರ ವಿಟಿಯುದ್ದು. ಅದಕ್ಕೂ ಮೊದಲು ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸೀಟಿನಲ್ಲಿ ಮೀಸಲಾತಿ ಕೊಡಿಸುವ 371ಜೆ ಪ್ರಮಾಣಪತ್ರ ಕೈಯಲ್ಲಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಸೋಮವಾರ ಕಲಬುರಗಿಗಲ್ಲ, ಯಾದಗಿರಿಯ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ.