ಸಹಾಯ ಬೇಕು: ಚೂರಿಯ ಬಾಯಿ ಎರಡೂ ಕಡೆ ಒಂದೇ ಥರ ಇಲ್ಲ

ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮೆಣಸಿನ ಬಳ್ಳಿಯ ಹಗ್ಗ ಕೊಯ್ಯಲು ಅಂತ ಒಂದು ಮಡಚದ ಚೂರಿ ತಗೊಂಡೆ. ಬಾಯಿಯ ಬಲಗಡೆ ಇಳಿಜಾರು (ಅಂಚಿಗೆ ಸಾಣೆ ಹಿಡಿದ ಓರೆ ಭಾಗ) ಸುಮಾರು 2 ಮಿಲಿಮೀಟರ್ ಅಗಲ, ಎಡಗಡೆ ಕೂದಲೆಳೆಯಷ್ಟು. ಸಾಣೆ ಹಿಡಿದವರು ಕೆಡಿಸಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಜಪಾನಿನ ಕೆಲವು ಚೂರಿಗಳಿಗೆ ಬೇಕಂತಲೇ ಒಂದೇ ಕಡೆ ಸಾಣೆ ಇರುತ್ತದೆ, ಅದೂ ಹೆಚ್ಚಾಗಿ ಬಲಗೈಯವರಿಗೆ. ನಾನೋ ಎಡಚ!

ಸೌತೆಕಾಯಿ ಹೆಚ್ಚಿದರೆ ಅಲಗು ನೇರ ಇಳಿಯದೆ ಎಡಕ್ಕೆ ಓಡುತ್ತದೆ. ಕಲ್ಲು ಎಲ್ಲಿ ತಾಗುತ್ತದೆ ಅಂತ ನೋಡಲು ಇಳಿಜಾರಿಗೆ ಮಾರ್ಕರ್ ಬಳಿದು 1000 ಗ್ರಿಟ್ (ಮಧ್ಯಮ ನುಣುಪಿನ) ಮಸೆಗಲ್ಲಿನ ಮೇಲೆ ಉಜ್ಜಿದೆ. ಬಲಗಡೆ ಮಸಿ ಅಂಚಿನವರೆಗೂ ಹೋಯಿತು, ಎಡಗಡೆ ಹಾಗೇ ಉಳಿಯಿತು.

ಎರಡೂ ಕಡೆ ಸಮ ಮಾಡಲಾ, ಇದ್ದ ಕೋನವನ್ನೇ ಉಳಿಸಿಕೊಳ್ಳಲಾ? ಸಮ ಮಾಡಿದರೆ ಸುಮ್ನೆ ಉಕ್ಕು ಜಾಸ್ತಿ ಸವೆಯುತ್ತದೆ, ಅಲ್ವಾ? ಸಾಣೆ ಚಕ್ರಕ್ಕೆ ಕೊಡಲು ಧೈರ್ಯವಿಲ್ಲ, ಬಿಸಿಯಾದರೆ ಹದ ಹೋಗುತ್ತದೆ. ಕೈಯಲ್ಲೇ ಮಸೆದು ಅಭ್ಯಾಸ ಇರುವವರು ದಯವಿಟ್ಟು ಹೇಳಿ.