ಕಣ್ಣು ಮಂಜಾದ ಮೇಲೆ ಹೊಸ ದಾರಿ ಹಿಡಿದ ಚೀನಾದ ಚಿತ್ರಕಾರ, ಯಾರು ಅಂತ ಗೊತ್ತಾ?

ಕಕ್ಕಡ_ಮಳೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಸಣ್ಣ ಕಾಫಿ ತೋಟ. ಇಪ್ಪತ್ತು ವರ್ಷದಿಂದ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಯಾರ ಹತ್ತಿರವೂ ಕಲಿತದ್ದಲ್ಲ, ನೋಡಿ ನೋಡಿ ಕೈಗೆ ಬಂದದ್ದು. ಹೂವು, ಹಕ್ಕಿ, ಹಣ್ಣಾದ ಕಾಫಿ ಗೊಂಚಲು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಇಂಥದ್ದೇ ಜಾಸ್ತಿ. ಎಲ್ಲವೂ ಸಣ್ಣ ಕುಂಚದ ಕೆಲಸ, ಎಲೆಯ ನರ ಕೂಡ ಬಿಡದೆ ಬರೆಯುತ್ತಿದ್ದೆ.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಮೈಸೂರಿಗೆ ಹೋಗಿ ಲೇಸರ್ ಮಾಡಿಸಿದ್ದಾಯಿತು, ಕಣ್ಣಿಗೆ ಇಂಜೆಕ್ಷನ್ನೂ ಆಯಿತು. ಎಡಗಣ್ಣು ಪರವಾಗಿಲ್ಲ. ಬಲಗಣ್ಣಲ್ಲಿ ಸರಿಯಾಗಿ ನಡುವಿಗೇ ಒಂದು ಮಂಜು ನಿಂತುಬಿಟ್ಟಿದೆ, ಹೋಗುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಎಲೆಯ ನರ ಎಳೆಯಲು ಹೋದರೆ ಗೆರೆ ಪಕ್ಕಕ್ಕೆ ಸರಿದು ಬೀಳುತ್ತದೆ. ಮನೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಹೇಳುವುದು, ಇನ್ನು ಸಾಕು, ಉಳಿದ ಕಣ್ಣನ್ನಾದರೂ ಉಳಿಸಿಕೋ ಅಂತ. ಕುಂಚ ಎಲ್ಲ ತೊಳೆದು ಡಬ್ಬಿಗೆ ಹಾಕಿ ಎಂಟು ತಿಂಗಳಾಯಿತು.

ಮೊನ್ನೆ ಸಂಪಾಜೆ ಕಡೆಯ ಒಬ್ಬರು ಮದುವೆಯಲ್ಲಿ ಸಿಕ್ಕಿ, ಚೀನಾದಲ್ಲಿ ಒಬ್ಬ ದೊಡ್ಡ ಚಿತ್ರಕಾರನಿಗೂ ನಿಮ್ಮ ಹಾಗೇ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯಿತು, ಆಮೇಲೆಯೇ ಅವನು ಅತಿ ಒಳ್ಳೆ ಚಿತ್ರ ಬರೆದದ್ದು ಅಂದರು. ಹೆಸರು ಅವರಿಗೆ ನೆನಪಿಲ್ಲ. ನಿಜವಾ ಇದು? ಯಾರು ಅವರು? ಏನು ಮಾಡಿದರು? ಸಮಾಧಾನದ ಮಾತು ಬೇಡ, ವಿಷಯ ಬೇಕು. ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಎದುರಿನ ಬೆಟ್ಟ ಬರುತ್ತದೆ, ಹೋಗುತ್ತದೆ. ಅದನ್ನು ಒಮ್ಮೆ ಬರೆಯಬೇಕು ಅಂತ ಆಸೆ.

ಮಸಿಕುಡಿಕೆ:

ಅಕ್ಕ, ಅವರು ಹೇಳಿದ್ದು ಜಾಂಗ್ ದಾಚಿಯೆನ್ ಬಗ್ಗೆಯೇ ಇರಬೇಕು. ಹಳೇ ಪುಸ್ತಕಗಳಲ್ಲಿ ಚಾಂಗ್ ದೈ-ಚಿಯೆನ್ ಅಂತ ಇರುತ್ತದೆ, ಎರಡೂ ಒಬ್ಬರೇ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕಣ್ಣಿನ ಕಥೆಯೊಂದನ್ನೇ ಹೇಳಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ.

ಹುಟ್ಟಿದ್ದು 1899ರಲ್ಲಿ, ಸಿಚುವಾನ್ ಪ್ರಾಂತ್ಯದ ನೇಜಿಯಾಂಗ್‌ನಲ್ಲಿ. ಮೊದಲು ಕಲಿಸಿದ್ದು ತಾಯಿ. ಅವರು ಚಿತ್ರ ಬರೆಯುತ್ತಿದ್ದರು, ಕಸೂತಿಗೆ ನಮೂನೆಯನ್ನೂ ಹಾಕುತ್ತಿದ್ದರು. ಹದಿಹರೆಯದಲ್ಲಿ ಡಕಾಯಿತರು ಹಿಡಿದುಕೊಂಡು ಹೋಗಿ, ಅಕ್ಷರ ಚೆನ್ನಾಗಿದೆ ಅಂತ ನೂರು ದಿನ ತಮ್ಮ ಗುಮಾಸ್ತನಾಗಿ ಇಟ್ಟುಕೊಂಡಿದ್ದರು. ಆಮೇಲೆ ಜಪಾನ್‌ನ ಕ್ಯೋಟೊಗೆ ಹೋಗಿ ಕಲಿತದ್ದು ಬಟ್ಟೆಗೆ ಬಣ್ಣ ಹಾಕುವ ವಿದ್ಯೆ. ಬಣ್ಣ ಒದ್ದೆ ಬಟ್ಟೆಯಲ್ಲಿ ಹೇಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಇಪ್ಪತ್ತರ ಹೊತ್ತಿಗೇ ಆ ಕೈಗೆ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ. ವಾಪಸ್ ಬಂದು ಸ್ವಲ್ಪ ದಿನ ಬೌದ್ಧ ಸನ್ಯಾಸಿಯಾದರು. ದಾಚಿಯೆನ್ ಅನ್ನುವುದು ಆಗ ಬಂದ ಹೆಸರು, ಬೌದ್ಧರ 'ಮಹಾಸಹಸ್ರ' ಲೋಕದ ಮಾತಿನಿಂದ. ಕಾವಿ ಬಿಟ್ಟರು, ಹೆಸರು ಉಳಿಯಿತು.

ಅಲ್ಲಿಂದ ಮುಂದೆ ಮೂವತ್ತು ವರ್ಷಕ್ಕೂ ಜಾಸ್ತಿ ಮಾಡಿದ್ದು ಹಳಬರ ಚಿತ್ರ ನೋಡಿ ಬರೆಯುವುದು. ಚೀನಾದಲ್ಲಿ ಹಳಬರನ್ನು ನಕಲು ಮಾಡುವುದೇ ಕಲಿಕೆ, ಅದರಲ್ಲಿ ಅವಮಾನ ಇಲ್ಲ. 17ನೇ ಶತಮಾನದ ಶಿಟಾವ್ ಅಂತ ಒಬ್ಬ ಚಿತ್ರಕಾರನನ್ನು ಎಷ್ಟು ಅರಗಿಸಿಕೊಂಡಿದ್ದರು ಅಂದರೆ ಬಲ್ಲವರೇ ಮೋಸ ಹೋಗುತ್ತಿದ್ದರು. 1941ರಲ್ಲಿ ಗೋಬಿ ಮರುಭೂಮಿಯ ಅಂಚಿನ ದುನ್‌ಹುವಾಂಗ್‌ಗೆ ಹೋಗಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿನ ಗುಹೆಗಳಲ್ಲಿ ಇದ್ದು ಬೌದ್ಧ ಭಿತ್ತಿಚಿತ್ರಗಳನ್ನು ನಕಲು ಮಾಡಿದರು. ಇನ್ನೂರಕ್ಕೂ ಹೆಚ್ಚು ಚಿತ್ರ. ಕಲ್ಲು ಪುಡಿ ಮಾಡಿ ತೆಗೆದ ನೀಲಿ, ಹಸಿರು ಅವರ ಕೈಗೆ ಚೆನ್ನಾಗಿ ಹತ್ತಿದ್ದು ಅಲ್ಲೇ.

1949ರಲ್ಲಿ ಚೀನಾ ಬಿಟ್ಟರು. ಇದು ನಮಗೆ ಹತ್ತಿರದ ವಿಷಯ: 1950ರಲ್ಲಿ ಭಾರತಕ್ಕೆ ಬಂದಿದ್ದರು. ದೆಹಲಿಯಲ್ಲಿ ಪ್ರದರ್ಶನ ಆಯಿತು. ಅಜಂತಾದಲ್ಲಿ ತಿಂಗಳುಗಟ್ಟಲೆ ಕೂತು ಅಲ್ಲಿನ ಗೋಡೆಗಳನ್ನು ದುನ್‌ಹುವಾಂಗ್ ಜೊತೆ ಹೋಲಿಸಿ ನೋಡಿದರು. ಆಮೇಲೆ ಡಾರ್ಜಿಲಿಂಗ್‌ನಲ್ಲಿ ಸುಮಾರು ಒಂದು ವರ್ಷ ಮನೆ ಮಾಡಿಕೊಂಡಿದ್ದರು. ನಿಮ್ಮ ಹಾಗೇ, ಬೆಟ್ಟ, ಮಂಜು, ಮಳೆ. ಅಲ್ಲಿಂದ ಅರ್ಜೆಂಟೀನಾ, ಆಮೇಲೆ ಬ್ರೆಜಿಲ್. ಸಾವೊ ಪಾಲೊ ಹತ್ತಿರ ಜಮೀನು ತೆಗೆದುಕೊಂಡು ಕೆರೆ, ಬಂಡೆ, ಪೈನ್ ಮರ ಎಲ್ಲ ಕೂಡಿಸಿ ಒಂದು ಚೀನೀ ತೋಟವನ್ನೇ ಕಟ್ಟಿದರು.

ಕಣ್ಣು ಕೈಕೊಟ್ಟದ್ದು ಅಲ್ಲಿದ್ದಾಗ, 1957ರಲ್ಲಿ. ಸಕ್ಕರೆ ಕಾಯಿಲೆ ಇತ್ತು, ಕಣ್ಣೊಳಗೆ ರಕ್ತ ಒಸರಿತು. ಆಗ ವಯಸ್ಸು 58. ಕೂದಲೆಳೆಯಂಥ ಗೆರೆಗೆ ಹೆಸರಾದ ಮನುಷ್ಯ.

ಮುಂದಿನ ಕೆಲವು ವರ್ಷದಲ್ಲಿ ಗೆರೆಯಿಂದ ಶುರು ಮಾಡುವುದನ್ನೇ ಬಿಟ್ಟರು. ಮೊದಲು ಮಸಿಯನ್ನು ಸುರಿಯುವುದು. ನೀರು ಬಿಟ್ಟು, ಹಾಳೆಯನ್ನು ಈ ಕಡೆ ಆ ಕಡೆ ಓರೆ ಮಾಡಿ ಓಡಿಸುವುದು. ಅದರ ಮೇಲೆ ಕಲ್ಲಿನ ನೀಲಿ, ಹಸಿರು ಸುರಿಯುವುದು. ನೋಡಿದರೆ ಬರೀ ಕಲೆ, ಗುಡ್ಡವೂ ಅಲ್ಲ, ಮೋಡವೂ ಅಲ್ಲ. ಒಣಗಿದ ಮೇಲೆ ಕುಂಚ ತೆಗೆದುಕೊಂಡು ಮೂಲೆಯಲ್ಲಿ ಒಂದು ಮನೆ, ನಾಲ್ಕು ಮರ, ಕೆಲವೊಮ್ಮೆ ಒಂದು ದೋಣಿ. ಅಷ್ಟೇ. ಆ ಬೆರಳುಗುರಿನಷ್ಟು ಮನೆ ಬಂದ ಕೂಡಲೇ ಇಡೀ ಕಲೆ ಬೆಟ್ಟವಾಗಿ ಎದ್ದು ನಿಲ್ಲುತ್ತದೆ. ಖಾಲಿ ಬಿಟ್ಟ ಜಾಗ ಮಂಜಾಗುತ್ತದೆ. ನಾನು ಅಚ್ಚಾದ ಚಿತ್ರದಲ್ಲಿ ಮನೆಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿದ್ದೇನೆ, ತೆಗೆದು ನೋಡಿದ್ದೇನೆ. ನೀವೂ ಮಾಡಿ ನೋಡಿ, ಮೈ ಜುಮ್ ಅನ್ನುತ್ತದೆ.

ಪಶ್ಚಿಮದವರು ಬಣ್ಣ ಎರಚುವುದನ್ನು ನೋಡಿ ದಾಚಿಯೆನ್ ಕಲಿತರು ಅಂತ ಕೆಲವರು ಹೇಳುತ್ತಾರೆ. ಅವರು ಮಾತ್ರ ಇದು ನಮ್ಮದೇ ಹಳೇ ವಿದ್ಯೆ ಅನ್ನುತ್ತಿದ್ದರು. ತಾಂಗ್ ಕಾಲದಲ್ಲಿ, ಅಂದರೆ ಸಾವಿರ ವರ್ಷಕ್ಕೂ ಹಿಂದೆ, ವಾಂಗ್ ಮೋ ಅನ್ನುವವನು ಮಸಿ ಎರಚಿ ಬೆಟ್ಟ ಮಾಡುತ್ತಿದ್ದ ಅಂತ ದಾಖಲೆ ಇದೆ. ಎರಡೂ ಸೇರಿರಬಹುದು, ಅದರಲ್ಲಿ ಜಗಳ ಏನೂ ಕಾಣುವುದಿಲ್ಲ ನನಗೆ.

ಕುಶಾಲನಗರದವ:

ಮೇಲಿನವರು ದುನ್‌ಹುವಾಂಗ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿಗೆ ದಾಚಿಯೆನ್ ಒಬ್ಬರೇ ಹೋದದ್ದಲ್ಲ. ಕುಂಬುಮ್ ಮಠದಿಂದ ಟಿಬೆಟನ್ ಚಿತ್ರಕಾರ ಲಾಮಾಗಳನ್ನು ಕರೆಸಿಕೊಂಡಿದ್ದರು. ದೊಡ್ಡ ಬಟ್ಟೆ ಹದ ಮಾಡುವುದು, ಕಲ್ಲಿನ ಬಣ್ಣ ಅರೆಯುವುದು ಅವರಿಗೆ ಗೊತ್ತಿತ್ತು. ಕುಂಬುಮ್ ಟಿಬೆಟನ್ ಬೌದ್ಧರ ಗೆಲುಗ್ ಪಂಥದ್ದು, ನಮ್ಮ ಪಕ್ಕದ ಬೈಲುಕುಪ್ಪೆಯ ಸೆರಾ ಮಠವೂ ಅದೇ ಪಂಥ. ಅಂದರೆ ಆ ವಿದ್ಯೆಯನ್ನು ನೋಡಲು ಚೀನಾಕ್ಕೆ ಹೋಗಬೇಕಾಗಿಲ್ಲ, ಕಾವೇರಿ ಸೇತುವೆ ದಾಟಿದರೆ ಸಾಕು.

ನಾನು ಒಬ್ಬರು ಥಂಕಾ, ಅಂದರೆ ಬಟ್ಟೆಯ ಮೇಲಿನ ಟಿಬೆಟನ್ ಬೌದ್ಧ ಚಿತ್ರ, ಬರೆಯುವವರ ಹತ್ತಿರ ಕೂತು ನೋಡಿದ್ದೇನೆ. ಹತ್ತಿ ಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿದು ಕಟ್ಟುತ್ತಾರೆ. ಅಂಟು ಮತ್ತು ಬಿಳಿ ಸುದ್ದೆ ಬೆರೆಸಿ ಬಳಿಯುತ್ತಾರೆ. ಆಮೇಲೆ ಸ್ವಲ್ಪ ಒದ್ದೆ ಇರುವಾಗಲೇ ನುಣ್ಣನೆ ಕಲ್ಲಿನಿಂದ ಉಜ್ಜುತ್ತಾರೆ, ಉಜ್ಜುತ್ತಾರೆ, ಮುಗಿಯುವುದೇ ಇಲ್ಲ. ಕೊನೆಗೆ ಕೈ ಆಡಿಸಿದರೆ ಮೊಟ್ಟೆ ಸಿಪ್ಪೆಯ ಹಾಗೆ ಇರುತ್ತದೆ. ನೀಲಿಯನ್ನು ಕಲ್ಲಿನ ಪುಡಿಗೆ ಅಂಟು ಹಾಕಿ ಕಲಸಿಕೊಳ್ಳುತ್ತಾರೆ. ಪುಡಿ ದಪ್ಪ ಇದ್ದರೆ ಗಾಢ ನೀಲಿ, ಜಾಸ್ತಿ ಅರೆದರೆ ತಿಳಿ ನೀಲಿ. ಒಂದೇ ಕಲ್ಲು!

ಅಕ್ಕ, ಬೈಲುಕುಪ್ಪೆಗೆ ಬಂದಾಗ ಗೋಲ್ಡನ್ ಟೆಂಪಲ್‌ನ ಗೋಡೆಗಳನ್ನು ನಿಧಾನವಾಗಿ ನೋಡಿ. ಪ್ರವಾಸಿಗಳು ಫೋಟೋ ತೆಗೆದು ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ. ಪುಡಿ ಬಣ್ಣ ತಂದು ನೀವೇ ಕಲಸುವುದಾದರೆ ಒಂದು ಎಚ್ಚರ, ಆ ನೀಲಿ ಹಸಿರು ಎರಡರಲ್ಲೂ ತಾಮ್ರ ಇದೆ, ಒಣ ಪುಡಿ ಮೂಗಿಗೆ ಹೋಗಬಾರದು.

ಹಳೇಪೇಟೆ:

ಒಳ್ಳೆಯ ಮಾಹಿತಿ, ಆದರೆ ಈ ಮನುಷ್ಯನನ್ನು ದೇವರು ಮಾಡುವುದು ಬೇಡ. "ಬಲ್ಲವರೇ ಮೋಸ ಹೋಗುತ್ತಿದ್ದರು" ಅಂತ ಮಸಿಕುಡಿಕೆಯವರು ಒಂದೇ ಸಾಲಲ್ಲಿ ದಾಟಿಸಿದರು. ಅದು ಬರೀ ಕಲಿಕೆ ಅಲ್ಲ, ಮಾರಾಟವೂ ಆಗಿತ್ತು. ಬೋಸ್ಟನ್‌ನ ಲಲಿತಕಲಾ ಮ್ಯೂಸಿಯಂ 1957ರಲ್ಲಿ ಸಾವಿರ ವರ್ಷದ ಹಳೇ ಚಿತ್ರ ಅಂತ ಕೊಂಡದ್ದು ಇವರ ಕೈಯಲ್ಲಿ ಆದದ್ದು ಅಂತ ಆಮೇಲೆ ಗೊತ್ತಾಯಿತು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ 'ನದಿ ದಂಡೆ' ಚಿತ್ರದ ಬಗ್ಗೆ ವಿದ್ವಾಂಸರು ಎರಡು ಪಾಲಾಗಿ ವಾದ ಮಾಡಿದ್ದಾರೆ, ಹಳೆಯದಾ ಇವರದಾ ಅಂತ. ದುನ್‌ಹುವಾಂಗ್‌ನಲ್ಲಿಯೂ ಒಳಗಿನ ಹಳೇ ಪದರ ನೋಡಲು ಮೇಲಿನ ಚಿತ್ರ ಕಿತ್ತರು ಅನ್ನುವ ಆರೋಪ ಇವತ್ತಿಗೂ ಇದೆ. ನಮ್ಮ ಊರಿನ ಹಳೇ ದೇವಸ್ಥಾನದ ಗೋಡೆಗೆ ಯಾರಾದರೂ ಹಾಗೆ ಮಾಡಿದರೆ ಸುಮ್ನೆ ಇರುತ್ತೇವಾ?

ಮಸಿಕುಡಿಕೆ:

ಒಪ್ಪಿದೆ, ನಾನು ಅಲ್ಲಿ ಬೇಗ ದಾಟಿಬಿಟ್ಟೆ. ಸುಳ್ಳು ಹೇಳಿ ಮಾರಿದ್ದು ತಪ್ಪೇ. ಆದರೆ ಅಕ್ಕ ಕೇಳಿದ ಪ್ರಶ್ನೆಗೆ ಅದರಲ್ಲೂ ಒಂದು ಉತ್ತರ ಇದೆ. ಹತ್ತನೇ ಶತಮಾನದವನ ಹಾಗೆ, ಹದಿನೇಳನೇ ಶತಮಾನದವನ ಹಾಗೆ, ಯಾರ ಹಾಗೆ ಬೇಕಾದರೂ ಬರೆಯಬಲ್ಲ ಕೈಗೆ ತನ್ನದೇ ಅನ್ನುವಂಥ ಚಿತ್ರ ಬಂದದ್ದು ಅರವತ್ತರ ಆಸುಪಾಸಿನಲ್ಲಿ, ಆ ಸಣ್ಣ ಗೆರೆ ಕಷ್ಟವಾದ ಮೇಲೆ. ಹಾಗಂತ ಕಣ್ಣು ಹೋದದ್ದರಿಂದಲೇ ಬಂತು ಅಂತಲ್ಲ. ಮಸಿ ಸುರಿದಾಗ ಎಲ್ಲಿ ನಿಲ್ಲಿಸಬೇಕು, ಮನೆ ಎಲ್ಲಿ ಇಡಬೇಕು ಅಂತ ಹೇಳಿದ್ದು ಅಷ್ಟು ವರ್ಷದ ನಕಲು ಕೆಲಸ. ನಿಮ್ಮ ಇಪ್ಪತ್ತು ವರ್ಷದ ಎಲೆ, ಹೂವು, ಗೊಂಚಲು ಎಲ್ಲಿಗೂ ಹೋಗಿಲ್ಲ ಅಕ್ಕ.

ಕೊನೆಯ ಕೆಲಸವನ್ನೂ ಹೇಳಿಬಿಡುತ್ತೇನೆ. 1981ರಲ್ಲಿ, ತೈವಾನ್‌ನ ತೈಪೆಯಲ್ಲಿದ್ದಾಗ, ಚೀನಾದ ಲೂಶಾನ್ ಬೆಟ್ಟವನ್ನು ರೇಷ್ಮೆಯ ಮೇಲೆ ಬರೆಯಲು ಶುರು ಮಾಡಿದರು. ಸುಮಾರು 10 ಮೀಟರ್ ಉದ್ದ, 1.8 ಮೀಟರ್ ಎತ್ತರ. ವಯಸ್ಸು 80 ದಾಟಿತ್ತು, ಹೃದಯವೂ ಸರಿ ಇರಲಿಲ್ಲ. ಆ ಬೆಟ್ಟಕ್ಕೆ ಅವರು ಒಮ್ಮೆಯೂ ಹೋದವರಲ್ಲ. ಓದಿದ ಕವಿತೆ, ನೋಡಿದ ಹಳೇ ಚಿತ್ರ, ತಲೆಯಲ್ಲಿದ್ದ ಎಲ್ಲ ಬೆಟ್ಟ ಸೇರಿಸಿ ಬರೆದರು. 1983ರ ಏಪ್ರಿಲ್‌ನಲ್ಲಿ ತೀರಿಕೊಂಡಾಗಲೂ ಅದು ಪೂರ್ತಿ ಆಗಿರಲಿಲ್ಲ.

ಪೊನ್ನಂಪೇಟೆ_ಮಿಸ್:

ನಾನು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವವಳು. ದಾಚಿಯೆನ್ ಜೊತೆಗೆ ಹುವಾಂಗ್ ಬಿನ್‌ಹೊಂಗ್ ಅನ್ನುವ ಚೀನಾದ ಇನ್ನೊಬ್ಬ ಚಿತ್ರಕಾರರನ್ನೂ ನೋಡಿ ಅಕ್ಕ. 1865ರಿಂದ 1955ರವರೆಗೆ ಬದುಕಿದವರು. 1933ರಲ್ಲಿ ಸಿಚುವಾನ್‌ನ ಚಿಂಗ್‌ಚೆಂಗ್ ಬೆಟ್ಟದಲ್ಲಿ ಜೋರು ಮಳೆ ಸಿಕ್ಕಿತು, ಓಡಲಿಲ್ಲ, ನೆನೆಯುತ್ತಾ ಕೂತು ನೀರು ಬಂಡೆಯ ಮೇಲೆ ಇಳಿಯುವುದನ್ನು ನೋಡಿದರು. ಆಮೇಲೆ ಬೆಟ್ಟ ಬರೆಯುವ ರೀತಿಯೇ ಬದಲಾಯಿತು. ಮಸಿಯ ಮೇಲೆ ಮಸಿ, ಪದರದ ಮೇಲೆ ಪದರ, ಕೊನೆಗೆ ಬಹುತೇಕ ಕಪ್ಪು, ನಡುವೆ ಅಲ್ಲಲ್ಲಿ ಒಂದು ಸಣ್ಣ ಬಿಳಿ ಕಿಂಡಿ. ಅವರಿಗೂ ಕೊನೆಗಾಲದಲ್ಲಿ ಕಣ್ಣಿನ ಪೊರೆ ಬಂದಿತ್ತು, ಆದರೂ ಬಿಡಲಿಲ್ಲ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಸಂಜೆ ಐದೂವರೆಗೆ ತೋಟದೊಳಗೆ ನಿಂತರೆ ಕಾಣುವುದು ಅವರ ಚಿತ್ರವೇ.

ಕೆಲಸದ ವಿಷಯ: ಚೀನಾದ ತೆಳು ಶ್ವಾನ್ ಕಾಗದ ತರಿಸಬೇಡಿ. ಅದು ಮಸಿಯನ್ನು ತಕ್ಷಣ ಹೀರಿಕೊಳ್ಳುತ್ತದೆ, ಸುರಿದರೆ ತೂತು ಬೀಳುತ್ತದೆ. ಸುರಿಯಲು ಮಸಿ ಮೇಲೆಯೇ ಸ್ವಲ್ಪ ಹೊತ್ತು ನಿಲ್ಲುವ ಕಾಗದ ಬೇಕು. ನಿಮ್ಮ ಹತ್ತಿರ ಇರುವ ದಪ್ಪ ಜಲವರ್ಣದ ಹಾಳೆಯೇ ಸಾಕು, ಹಲಗೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿಕೊಳ್ಳಿ. ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಅಂಚು ಒಣಗಿ ಗೆರೆ ಕಟ್ಟುತ್ತದೆ. ಈಗಿನ ತೇವದಲ್ಲಿ ಗಂಟೆಗಟ್ಟಲೆ ಒದ್ದೆ ಇರುತ್ತದೆ, ಅದು ನಿಮಗೆ ಲಾಭ. ಉಳಿದ ಹಾಳೆಗೆ ಬೂಷ್ಟು ಬಾರದ ಹಾಗೆ ತಗಡಿನ ಪೆಟ್ಟಿಗೆಯಲ್ಲಿ ಇದ್ದಿಲು ಹಾಕಿ ಇಡಿ. ಮತ್ತೆ, ಕಣ್ಣಿನ ಡಾಕ್ಟರ್‌ಗೆ ತೋರಿಸುವುದು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಕಕ್ಕಡ_ಮಳೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೊಂದನ್ನೂ ಮಗಳ ಹತ್ತಿರ ಎರಡು ಸಲ ಓದಿಸಿ ಕೇಳಿದೆ. ಹಳೇಪೇಟೆಯವರು ಹೇಳಿದ್ದೂ ಬೇಕಿತ್ತು. ಡಾರ್ಜಿಲಿಂಗ್‌ನಲ್ಲಿ ಒಂದು ವರ್ಷ ಇದ್ದರು ಅನ್ನುವುದು ಯಾಕೋ ತುಂಬಾ ಹಿಡಿಸಿತು.

ನಿನ್ನೆ ಡಬ್ಬಿ ತೆಗೆದೆ. ಮೆಣಸು ಒಣಗಿಸುವ ದೊಡ್ಡ ತಟ್ಟೆ ಕೆಳಗಿಟ್ಟು, ಅದರ ಮೇಲೆ ಹಲಗೆ. ಮಸಿಯನ್ನು ಟೀ ಲೋಟದಲ್ಲಿ ನೀರಿಗೆ ಕಲಸಿ ಸುರಿದೆ. ಮೊದಲನೇ ಹಾಳೆಯಲ್ಲಿ ಹೆದರಿ ಕೂಡಲೇ ಕುಂಚ ಹಾಕಿದೆ, ಕೆಸರಾಯಿತು. ಎರಡನೆಯದರಲ್ಲಿ ನೀರು ಜಾಸ್ತಿ, ಎಲ್ಲ ತಟ್ಟೆಗೆ ಇಳಿದುಹೋಯಿತು. ಮೂರನೆಯದಕ್ಕೆ ಮಸಿ ಸುರಿದು, ಹಲಗೆಯ ಒಂದು ಮೂಲೆ ಎತ್ತಿ ಹಿಡಿದು ಸುಮ್ನೆ ನಿಂತೆ. ಮಸಿ ನಿಧಾನವಾಗಿ ಇಳಿಯಿತು, ನಡುವೆ ಒಂದು ಕಡೆ ತಾನಾಗಿಯೇ ಕವಲಾಗಿ ಬಿಳಿ ಉಳಿಸಿತು. ಅಷ್ಟಕ್ಕೇ ಬಿಟ್ಟೆ. ಸುರಿಯುವಾಗ ಬಲಗಣ್ಣಿನ ಮಂಜು ಅಡ್ಡ ಬರಲಿಲ್ಲ, ಅದನ್ನು ಹೇಳಬೇಕು ಅಂತಲೇ ಇಲ್ಲಿ ಬಂದೆ.

ಇವತ್ತು ಬೆಳಿಗ್ಗೆ ಮುಟ್ಟಿ ನೋಡಿದರೆ ಇನ್ನೂ ತಣ್ಣಗೆ ಒದ್ದೆ. ಹಲಗೆಯನ್ನು ಅಡುಗೆಮನೆಯ ಒಲೆ ಪಕ್ಕಕ್ಕೆ ಒರಗಿಸಿ ಇಟ್ಟಿದ್ದೇನೆ. ಹೆಂಚಿನ ಮನೆ ಒಂದು ಬರೆಯಬೇಕು. ಆ ಬಿಳಿಯ ಕೆಳಗೆ ಎಡಕ್ಕೋ, ಇಲ್ಲಾ ಇನ್ನೂ ಕೆಳಗೆ ಗದ್ದೆಯ ಮಟ್ಟಕ್ಕೋ ಅಂತ ನೋಡುತ್ತಿದ್ದೇನೆ.